ಕುಳ್ಳಿಯನ್ನು ಕೊಟ್ಟು ಸರದಿ ತಂದದ್ದು

೬ ನವೆಂಬರ್ ೧೯೮೩, ಭಾನುವಾರ, ಬೆಳಗ್ಗೆ

ಏಯ್, ಯಾರದು ಓದುತ್ತಿರುವುದು? ಮುದುಕಿಯ ಪುಸ್ತಕದಲ್ಲಿ ಮೂಗು ತೂರಿಸಲು ನಾಚಿಕೆ ಇಲ್ಲವೇ? ಮುಚ್ಚಿಡು. ಅಣ್ಣಿ, ನೀನೇ ಇರಬೇಕು. ಹೋದ ವಾರ ಪುಟದ ಮೇಲೆ ಪೌಡರ್ ಬಿದ್ದಿತ್ತು. ಈ ಮನೆಯಲ್ಲಿ ಕುತ್ತಿಗೆಗೆಲ್ಲ ಪೌಡರ್ ಬಳಿದುಕೊಳ್ಳುವ ಮೊಮ್ಮಗಳು ನೀನೊಬ್ಬಳೇ. ನನ್ನದು ಹಳ್ಳಿ ಶಾಲೆಯ ಮೂರನೇ ಕ್ಲಾಸಿನ ಅಕ್ಷರ. ಸೊಟ್ಟ ಇದೆ. ನಕ್ಕೆಯೋ, ಹಲ್ಲು ಉದುರಿಸುತ್ತೇನೆ.

ಹಾಲಿನವನು ಹಾಲಿಗೆ ನೀರು ಬೆರೆಸಿದ್ದ. ಬೈದೆ. ಕಾಂಪೌಂಡಿನ ಆಚೆ ಕೋರ್ಟಿನಲ್ಲಿ ಆಗಲೇ ಚೆಂಡಿನ ಸದ್ದು. ತೆಂಗು ಹಾಕಬೇಕಾಗಿದ್ದ ಜಾಗ. ನಮ್ಮವರು ಬಾಸ್ಕೆಟ್‌ಬಾಲ್ ಕ್ಲಬ್ಬಿಗೆ ಕೊಟ್ಟರು. ಹುಡುಗಿಯರು ಲೀಗ್ ಗೆದ್ದು ಶೀಲ್ಡ್ ತಂದರೆ ಇಡಲಿಕ್ಕೆ ಅಂತ ನಡುಮನೆ ಗೋಡೆಯಲ್ಲಿ ಗೂಡು ಬೇರೆ ಮಾಡಿಸಿದರು. ಶೀಲ್ಡ್ ಬರಲಿಲ್ಲ. ಅವರೂ ಹೋದರು. ಗೂಡಿನಲ್ಲಿ ಹಾರ್ಲಿಕ್ಸ್ ಬಾಟ್ಲಿ ಇದೆ.

ಮಗ ಸಂಜೀವಯ್ಯ ಈಗ ಸೆಕ್ರೆಟರಿ. ಹೆಸರಿಗೆ. ಆ ಗೂಡು ತುಂಬದೆ ನಾನು ಸಾಯುವುದಿಲ್ಲ ಎಂದು ಹೇಳಿದ್ದೇನೆ. ಹೆದರಿದ್ದಾನೆ.

೯ ನವೆಂಬರ್, ಸಂಜೆ

ಜೆ.ಪಿ. ನಗರದ ಕ್ಲಬ್ಬಿನ ಕೊಟ್ರಪ್ಪ ಬಂದಿದ್ದ. ಹಾರ್ಡ್‌ವೇರ್ ಅಂಗಡಿಯವನು. ಹಣೆ ತುಂಬ ವಿಭೂತಿ, ಬಾಯಿ ತುಂಬ ಬೆಣ್ಣೆ. ಕೇಳಿದ್ದು ನಮ್ಮ ಕ್ಲಬ್ಬಿಗೆ ಆಡುವ ಅಣ್ಣಿಯನ್ನು! "ಅಮ್ಮಾರೆ, ನಿಮ್ಮ ಹುಡುಗೀನ ನಮಗ ಕೊಡ್ರೀ. ಬದಲಿಗೆ ಬರೋ ಮೇ ತಿಂಗಳಿನ ನಮ್ಮ ಸರದಿ ನಿಮಗ."

ನಕ್ಕೆ. ಆಮೇಲೆ ನಗು ನಿಂತಿತು.

ಸರದಿ ಎಂದರೆ ಹೀಗೆ. ಕ್ಲಬ್ಬೇ ಇಲ್ಲದ ಕಡೆಯ ಹುಡುಗಿಯರು ಮೇ ತಿಂಗಳ ಕ್ಯಾಂಪಿಗೆ ಬರುತ್ತಾರೆ. ಕೊನೆಯ ದಿನ ಐದು ಕ್ಲಬ್ಬೂ ಸರದಿಯ ಮೇಲೆ ಒಬ್ಬೊಬ್ಬಳನ್ನು ಆರಿಸಿಕೊಳ್ಳಬೇಕು. ಆ ವರ್ಷ ಲೀಗಿನಲ್ಲಿ ಕೊನೆ ಬಂದವರಿಗೆ ಮೊದಲ ಸರದಿ. ಗೆದ್ದವರಿಗೆ ಕೊನೆಯದು. ಕೊಟ್ರಪ್ಪನ ಕ್ಲಬ್ಬು ನನಗೆ ತಿಳಿದಂತೆ ಪ್ರತಿ ವರ್ಷವೂ ಕೊನೆ. ಮೊದಲ ಸರದಿ ಅವನ ಮನೆ ಬಾಗಿಲಲ್ಲೇ ಕಟ್ಟಿದ ಹಸು.

ಮತ್ತೆ ಬರುವ ಮೇಗೆ ಕ್ಯಾಂಪಿಗೆ ಬರುತ್ತಿರುವುದು ಯಾರು? ವಸಂತಪುರದಿಂದ ಸೊಪ್ಪು ತರುವ ಮುನಿಯಕ್ಕನ ಮಗಳು. ಹದಿನಾಲ್ಕಕ್ಕೇ ನಮ್ಮ ಬಾಗಿಲಲ್ಲಿ ತಲೆ ಬಗ್ಗಿಸುತ್ತಾಳೆ. ಕೈ ಎತ್ತಿದರೆ ರಿಂಗು. ಅವಳೊಬ್ಬಳಿದ್ದರೆ ಗೂಡು ತುಂಬಿತು.

೧೦ ನವೆಂಬರ್

ರಾತ್ರಿ ಊಟಕ್ಕೆ ಕೂತಾಗ ಸಂಜೀವಯ್ಯ ಲೆಕ್ಕ ಹಾಕಿದ. "ಅಮ್ಮ, ಅಣ್ಣಿ ಕೈಲಿರೋ ಹುಡುಗಿ. ಆ ಸರದಿ ಇನ್ನೂ ಹುಟ್ಟಿಲ್ಲ. ಆ ಉದ್ದದವಳು ಕ್ಯಾಂಪಿಗೆ ಬರದೇ ಇದ್ರೆ? ಆಟ ಕಲೀದೇ ಇದ್ರೆ?"

"ಹುಟ್ಟಿರೋದನ್ನ ಹದಿನೇಳು ವರ್ಷದಿಂದ ನೋಡ್ತಾ ಇದೀನಲ್ಲೋ" ಎಂದೆ. "ಬೆಳೀಲೇ ಇಲ್ಲ."

ನಮ್ಮ ಊರಲ್ಲಿ ಕಡಸನ್ನು ಪಾಲಿಗೆ ಕೊಡುತ್ತಿದ್ದೆವು. ಕಡಸು ಇನ್ನೊಬ್ಬರ ಕೊಟ್ಟಿಗೆಗೆ ಹೋಗುತ್ತದೆ, ಮೇವು ಅವರದು, ಹುಟ್ಟುವ ಕರು ನಮ್ಮದು. ಕೊಟ್ಟವರು ಯಾರೂ ಕೆಡಲಿಲ್ಲ. ಸೊಸೆ ಮಂಗಮ್ಮ ಸಾರಿನ ಸೌಟು ಹಿಡಿದುಕೊಂಡೇ ಅತ್ತಳು. "ಅತ್ತೆ, ಮಗು ಕಡಸಲ್ಲ." ನಿನ್ನ ಸಾರಿಗೆ ಉಪ್ಪಿಲ್ಲ, ಅಳು ಅದಕ್ಕಾದರೂ ಆಗಲಿ ಎಂದೆ.

೧೩ ನವೆಂಬರ್, ಭಾನುವಾರ

ಮುನಿಯಕ್ಕ ಸೊಪ್ಪು ತಂದಳು. ಮಗಳೂ ಜೊತೆಗಿದ್ದಳು. ಇಬ್ಬರು ಹುಡುಗಿಯರನ್ನೂ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಇದ್ದಿಲಲ್ಲಿ ಗೀಟು ಹಾಕಿದೆ. ನಡುವೆ ಒಂದು ಗೇಣಿನ ಮೇಲೆ ಅಂತರ. ಬೀದಿಯವರೆಲ್ಲ ನೋಡಿದರು. ಅಣ್ಣಿಯ ಕಿವಿ ಕೆಂಪಾಯಿತು. ಆಗಲಿ.

ಒಳಗೆ ಬಂದು ಹೇಳಿದಳು: "ಅಜ್ಜಿ, ನಾನು ಹೋದ್ರೆ ಅವರು ಲೀಗಲ್ಲಿ ಕೊನೆ ಬರಲ್ಲ."

"ಯಾಕೆ?"

"ನಾನು ಇರ್ತೀನಲ್ಲ."

ಕೇಳಿದಿರಾ! ಇವಳು ಇರುತ್ತಾಳಂತೆ! ಇವಳಿದ್ದೂ ನಾವು ಹೋದ ವರ್ಷ ಗೆದ್ದೆವೇ? ಎರಡನೇ ಜಾಗ. "ಕುಳ್ಳಿ, ನಿನ್ನಿಂದ ಲೋಕ ನಡೀತಿದ್ಯಾ? ಹೋಗಿ ಪಾತ್ರೆ ತೊಳಿ" ಎಂದೆ.

"ಅಜ್ಜಿ, ಈ ವರ್ಷ ನಾನು ಕ್ಯಾಪ್ಟನ್" ಎಂದಳು. ಬೇಡಿದ್ದೋ ಬೀಗಿದ್ದೋ ತಿಳಿಯಲಿಲ್ಲ.

೨೦ ನವೆಂಬರ್, ಭಾನುವಾರ

ಮಾತು ಮುಗಿಯಿತು. ಕೊಟ್ರಪ್ಪ ಏಳುವಾಗ ತಲೆ ಕೆರೆದುಕೊಂಡ. "ನಮ್ಮ ಸರದಿ ನಿಮಗ ಕೊಟ್ಟಮ್ಯಾಲ ಕ್ಯಾಂಪಿನ್ಯಾಗ ನಾವು ಬರೀಗೈಲೆ ನಿಲ್ಲಬೇಕಲ್ರೀ ಅಮ್ಮಾರೆ. ಮರ್ಯಾದಿ ಪ್ರಶ್ನೆ. ನಿಮ್ಮ ಸರದಿ ನಮಗಿರ್ಲಿ. ಮೂರನೇದೋ ನಾಲ್ಕನೇದೋ... ಉಳಿದವರು ಬಿಟ್ಟ ಹುಡುಗಿ ಸಿಕ್ರೂ ಸಾಕು."

ತಗೊಂಡು ಹೋಗು ಎಂದೆ. ಎಲೆ ತುದಿ ಕಿತ್ತು ಬಿಸಾಕಿದಂತೆ.

ಇವನನ್ನು ನಂಬುವುದು ಹೇಗೆ? ಅದಕ್ಕೆ ತಾಂಬೂಲ ಬದಲಿಸಬೇಕು ಎಂದು ನಾನೇ ಹಠ ಹಿಡಿದೆ. ಬನಶಂಕರಿ ಅಮ್ಮನ ಕುಂಕುಮ ಇಟ್ಟು, ಎಲೆ ಅಡಿಕೆ ತೆಂಗಿನಕಾಯಿ. ಅಣ್ಣಿಯೂ ನಮ್ಮ ಸರದಿಯೂ ಅವನಿಗೆ, ಅವನ ಸರದಿ ನಮಗೆ. ಯಾರೂ ಹಿಂದೆ ಹೋಗುವ ಹಾಗಿಲ್ಲ. ಕೊಟ್ರಪ್ಪ ತಾಂಬೂಲ ಕಣ್ಣಿಗೊತ್ತಿಕೊಂಡ. ಒಳಗೆ ಚೆಂಡು ಗೋಡೆಗೆ ಬಡಿಯುವ ಸದ್ದು. ಒಂದೇ ಸಮ.

೨೭ ನವೆಂಬರ್

ಕ್ಲಬ್ ಇರುವ ಏರಿಯಾದ ಹುಡುಗಿಯಾದರೆ ರೇಷನ್ ಕಾರ್ಡ್ ಎಲ್ಲಿದೆಯೋ ಅಲ್ಲೇ ಆಡಬೇಕು, ಅದು ಲೀಗಿನ ರೂಲು. ನಾನೇ ಹೋಗಿ ಅಣ್ಣಿಯ ಹೆಸರು ತೆಗೆಸಿದೆ. ಜೆ.ಪಿ. ನಗರದಲ್ಲಿರುವ ನನ್ನ ಮಗಳು ಪಾರ್ವತಮ್ಮನ ಕಾರ್ಡಿಗೆ ಸೇರಿಸಿದೆವು. ಇನ್ನು ಸೋದರತ್ತೆಯ ಮನೆಯಲ್ಲೇ ವಾಸ.

ಟ್ರಂಕು ಹಿಡಿದು ನಿಂತಳು. ಏಳನೇ ನಂಬರಿನ ಬನಿಯನ್ ಟ್ರಂಕಿನಲ್ಲಿ ಕಂಡಿತು. ಕಿತ್ತುಕೊಂಡೆ. ಕ್ಲಬ್ಬಿನದು. "ಒಂದು ವರ್ಷ ಹಾಕ್ಕೊಂಡು ಹರಿದುಹೋಗಿದೆ ಅಜ್ಜಿ, ಯಾರಿಗೂ ಬರಲ್ಲ." ನೆಲ ಒರೆಸಲಿಕ್ಕೆ ಬರುತ್ತದೆ ಎಂದೆ. ಅವಳ ಎದುರೇ ಬಕೆಟ್ಟಿಗೆ ಹಾಕಿದೆ.

ಆಟೋ ಹತ್ತುವ ತನಕ ತಿರುಗಿ ನೋಡಲಿಲ್ಲ. ನನ್ನ ರಕ್ತವೇ.

೩ ಡಿಸೆಂಬರ್

ರೇಷನ್ ಅಂಗಡಿಯವನು ಒಬ್ಬರ ಪಾಲಿನ ಸಕ್ಕರೆ ಕಡಿಮೆ ಕೊಟ್ಟ. ಕಾಫಿ ಕಹಿ. ಯಾರೂ ಪುಸ್ತಕ ಮುಟ್ಟಿಲ್ಲ.

೨೨ ಜನವರಿ ೧೯೮೪, ಭಾನುವಾರ

ನಮ್ಮ ಕೋರ್ಟಿನಲ್ಲೇ ಮ್ಯಾಚು. ಕೊಟ್ರಪ್ಪನ ಕ್ಲಬ್ಬಿನ ಮೇಲೆ ನಾವು. ಮುದುಕಿಗೆ ಎಂದು ಕುರ್ಚಿ ಹಾಕಿದ್ದರು.

ಆ ಕುಳ್ಳಿ... ಏನು ಬರೆಯಲಿ. ನಮ್ಮ ಹುಡುಗಿಯರ ಕಾಲ ಸಂದಿನಲ್ಲಿ ಇಲಿ ಓಡಿದ ಹಾಗೆ. ಚೆಂಡು ಅವಳ ಕೈಗೆ ಅಂಟಿಕೊಂಡಿತ್ತು. ತಾನು ಹಾಕುವುದಿಲ್ಲ — ಎತ್ತರದವರಿಗೆ ಹಾಕಿಕೊಡುತ್ತಾಳೆ. ಹೋದ ವರ್ಷ ಚೆಂಡು ಹಿಡಿಯಲು ಬಾರದಿದ್ದ ಕೊಟ್ರಪ್ಪನ ಕತ್ತೆಗಳೆಲ್ಲ ಬುಟ್ಟಿಗೆ ಹಾಕಿದ್ದೇ ಹಾಕಿದ್ದು. ಇಷ್ಟು ವರ್ಷ ಇವಳು ಇದನ್ನೇ ಮಾಡುತ್ತಿದ್ದಳೇ? ನಾನು ಬುಟ್ಟಿಗೆ ಹಾಕಿದವರನ್ನಷ್ಟೇ ನೋಡುತ್ತಿದ್ದೆ.

ಫ್ರೀ ಥ್ರೋ ಹಾಕುವಾಗ ಕೂಗಿದೆ — "ಕುಳ್ಳೀ! ಸ್ಟೂಲ್ ತರಿಸಲಾ?" ಜನ ನಕ್ಕರು. ಹಾಕಿದಳು. ಬಿತ್ತು. ಇನ್ನೊಂದೂ ಬಿತ್ತು.

ನಾವು ಸೋತೆವು. ಹೋಗುವಾಗ ಕುರ್ಚಿ ಹತ್ತಿರ ಬಂದು ಕಾಲು ಮುಟ್ಟಿದಳು. ತಲೆ ಎತ್ತಿ ಹೇಳಿದಳು: "ಬರ್ತೀನಿ ಮೇಡಂ."

ಮೇಡಂ.

೧೯ ಫೆಬ್ರವರಿ

ಲೀಗ್ ಮುಗಿಯಿತು. ಶೀಲ್ಡ್ ಕೊಟ್ರಪ್ಪನಿಗೆ. ನಾವು ಕೊನೆ. ಐದಕ್ಕೆ ಐದನೆಯವರು.

ಮೊದಲು ಸಮಾಧಾನವಾಯಿತು. ಕೊನೆ ಬಂದವರಿಗಲ್ಲವೇ ಮೊದಲ ಸರದಿ, ಉದ್ದದವಳು ನಮಗೇ ಎಂದೆ. ಸಂಜೀವಯ್ಯ ಗೋಡೆ ನೋಡುತ್ತ ಹೇಳಿದ: "ನಮ್ಮ ಸರದೀನೂ ಅವನಿಗೇ ಕೊಟ್ಟಿದೀವಲ್ಲಮ್ಮ. ನಮಗಿರೋದು ಅವನದು. ಗೆದ್ದವನ ಸರದಿ. ಕೊನೇದು."

ತಟ್ಟೆ ಎಸೆದೆ. ಅವನಿಗೆ ತಾಗಲಿಲ್ಲ. ಗೂಡಿಗೆ ತಾಗಿತು.

೨೭ ಮೇ, ಭಾನುವಾರ

ಕ್ಯಾಂಪಿನ ಕೊನೆಯ ದಿನ. ಮೊದಲ ಸರದಿಗೆ ಕೊಟ್ರಪ್ಪ ಎದ್ದು ನಿಂತ. ಮುನಿಯಕ್ಕನ ಮಗಳ ಹೆಸರು ಹೇಳಿದ. ಅಣ್ಣಿ ಹೋಗಿ ಅವಳ ಹೆಗಲ ಮೇಲೆ ಕೈ ಹಾಕಿದಳು. ಎಟುಕಲಿಲ್ಲ, ಹುಡುಗಿ ಬಗ್ಗಿದಳು. ಇಬ್ಬರೂ ನಕ್ಕರು.

ಎಲ್ಲರೂ ಆರಿಸಿಯಾದ ಮೇಲೆ ನಮಗೆ ಉಳಿದದ್ದು ಸೋಡಾಬುಡ್ಡಿ ಕನ್ನಡಕದ ಒಂದು ಪ್ರಾಣಿ. ಚೆಂಡು ಬಂದರೆ ಕಣ್ಣು ಮುಚ್ಚುತ್ತದೆ. "ನಮಸ್ಕಾರ ಆಂಟಿ" ಎಂದಿತು. ಆಂಟಿಯಂತೆ.

೩ ಜೂನ್

ಕೊಟ್ರಪ್ಪನ ಅಂಗಡಿಗೆ ಹೋದೆ. ಬಸ್ಸಿನಲ್ಲಿ, ಒಬ್ಬಳೇ. ಸ್ಟೂಲ್ ಹಾಕಿ ಟೀ ತರಿಸಿದ. ಹುಡುಗಿಯನ್ನು ವಾಪಸ್ ಕೊಡು, ಮುಂದಿನ ಎರಡು ವರ್ಷದ ನಮ್ಮ ಸರದಿ ತಗೋ ಎಂದೆ.

"ತಾಂಬೂಲ ಬದಲ್ಸಿದವರು ನೀವಲ್ಲೇನ್ರೀ ಅಮ್ಮಾರೆ" ಎಂದ. ಮೊಳೆ ತೂಗುತ್ತಲೇ. "ನಾನಾಗಿ ಹಿಂದಕ ಹೋಗಂಗಿಲ್ಲ. ಆಕಿ ತಾನಾಗಿ ಬರ್ತೀನಿ ಅಂದ್ರ ತಡಿಯಂಗಿಲ್ಲ. ಆಕೀನ ಕೇಳ್ರೀ."

ಕೇಳಬೇಕಂತೆ. ಮೊಮ್ಮಗಳನ್ನು. ನಾನು. ಟೀ ಕುಡಿಯದೆ ಎದ್ದೆ.

೨೪ ಜೂನ್, ಭಾನುವಾರ, ಸಂಜೆ

ಪುಟದ ಮೇಲೆ ಪೌಡರ್.

ನಾನು ಗುಡಿಗೆ ಹೋದ ಹೊತ್ತು ನೋಡಿ ಬರುತ್ತೀಯ. ಅಮ್ಮನ ಕೈಲಿ ಉಂಡು, ಇದನ್ನು ಓದಿ, ಹೋಗುತ್ತೀಯ. ಕಳ್ಳಿ. ಸರಿ, ಓದು. ನಿನ್ನ ಅತ್ತೆ ಮನೆಗೆ ಬಂದು ಬಾಗಿಲು ತಟ್ಟುವವಳಲ್ಲ ನಾನು. ಏನಿದ್ದರೂ ಇಲ್ಲೇ.

ಏಳನೇ ನಂಬರಿನ ಬನಿಯನ್ ಸೋಡಾಕಾರದಲ್ಲಿ ಕುದಿಸಿದ್ದೇನೆ. ಕಲೆ ಪೂರ್ತಿ ಹೋಗಿಲ್ಲ. ಹರಿದ ಕಡೆ ಹೊಲಿದಿದ್ದೇನೆ, ಹೊಲಿಗೆ ಸೊಟ್ಟ, ನಗಬೇಡ. ಹಾರ್ಲಿಕ್ಸ್ ಬಾಟ್ಲಿ ಗೂಡಿನಿಂದ ತೆಗೆದಿದ್ದೇನೆ. ಕ್ಯಾಪ್ಟನ್ ಬೇಕಾದರೆ ಕ್ಯಾಪ್ಟನ್ ಆಗು. ಇದಕ್ಕಿಂತ ಹೆಚ್ಚು ಈ ಕೈ ಬರೆಯುವುದಿಲ್ಲ. ಕುಳ್ಳಿಯನ್ನು ಕುಳ್ಳಿ ಎಂದದ್ದು ಸುಳ್ಳೇನಲ್ಲ.

ಬರುವಾಗ ಆ ಉದ್ದದವಳನ್ನೂ ಎಳೆದುಕೊಂಡು ಬಾ. ಅವಳು ನಿನ್ನ ಮಾತು ಕೇಳುತ್ತಾಳೆ.

ಕಾರ್ಡಿಗೆ ಹೆಸರು ಸೇರಿಸಬೇಕು, ಅದಕ್ಕೆ ತಡ ಆಗುತ್ತದೆ. ಜುಲೈ ಹುಟ್ಟುವುದರೊಳಗೆ ಇದರ ಕೆಳಗೇ ಉತ್ತರ ಬರೆದಿಡು. ಪೆನ್ಸಿಲ್ ಪುಸ್ತಕದೊಳಗೇ ಇದೆ. ಬರುತ್ತೀಯೋ ಇಲ್ಲವೋ, ಒಂದೇ ಸಾಲು ಸಾಕು. ಆದರೆ ಅಣ್ಣಿ, ಆ ಸಾಲನ್ನು ನೀನೇನಾದರೂ ಮೇಡಂ ಅಂತ ಶುರು ಮಾಡಿದೆಯೋ, ನಾನು...