ಹಸಿರು ಶಾಯಿಯ ಷರಾ

ತಿರುಪ್ಪೂರು
ಆಗಸ್ಟ್ 20, 2025

ಪ್ರೀತಿಯ ತಂಗಿ ರಾಜಿಗೆ ಬೆಳ್ಳಕ್ಕನ ನೆನಪುಗಳು.

ನಿನ್ನ ಮಂಡಿನೋವು ಹೇಗಿದೆ? ಯುಗಾದಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬಯ್ಯಬೇಡ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ಆಡುವ ಕನ್ನಡ ಈ ಮನೆಯವರಿಗೆಲ್ಲ ಅರ್ಥವಾಗುತ್ತದೆ ಕಣೇ, ಬರೆದರೆ ಒಬ್ಬರಿಗೂ ಓದಲು ಬರುವುದಿಲ್ಲ. ಕೊಳ್ಳೇಗಾಲದ ಹುಡುಗಿಯನ್ನು ತಮಿಳುನಾಡಿಗೆ ಕೊಟ್ಟರೂ ಕನ್ನಡದ ಮನೆಗೇ ಕೊಟ್ಟೆ ಅಂತ ಅಪ್ಪ ಎಷ್ಟು ಹಿಗ್ಗಿದ್ದರು! ಇವರಿಗೆ ಮಾತು ಕನ್ನಡ, ಅಕ್ಷರ ತಮಿಳು ಅಂತ ಆಮೇಲೆ ತಾನೇ ಗೊತ್ತಾಗಿದ್ದು. ಗಂಡನಿಗೂ ಬಾರದು, ಹೆತ್ತ ಮಕ್ಕಳಿಗೂ ಬಾರದು. ನನ್ನ ಹೊಟ್ಟೆಯಲ್ಲಿರುವುದನ್ನೆಲ್ಲ ಬರೆದು ಊಟದ ಮೇಜಿನ ಮೇಲೇ ಇಟ್ಟು ಹೋಗಬಹುದು, ಯಾರೂ ಕೇಳುವವರಿಲ್ಲ.

ನಿನ್ನ ಭಾವ ಇದ್ದ ಹಾಗೇ ಇದ್ದಾರೆ. ಪಾರ್ಶ್ವವಾಯು ಹೊಡೆದ ಮೇಲೆ ಮಾತು ಬರಲೇ ಇಲ್ಲ. ಬಲಗಡೆ ಪೂರ್ತಿ ಹೋಗಿದೆ. ಕಿವಿ, ಬುದ್ಧಿ ಎರಡೂ ಚೆನ್ನಾಗಿವೆ. ಹೌದು ಅನ್ನಬೇಕಾದರೆ ಎಡಗೈ ಎತ್ತುತ್ತಾರೆ, ಇಲ್ಲ ಅನ್ನಬೇಕಾದರೆ ಕಣ್ಣು ಮುಚ್ಚುತ್ತಾರೆ. ಒಂದು ಕಾಲದಲ್ಲಿ ಇವರು ಬಾಯಿ ತೆರೆದರೆ ನೂಲಿನ ವ್ಯಾಪಾರಿಗಳೆಲ್ಲ ಎದ್ದು ನಿಲ್ಲುತ್ತಿದ್ದರು. ಈಗ ಇಡ್ಲಿ ಬೇಕೋ ಗಂಜಿ ಬೇಕೋ ಅಂತ ಕೇಳಿ ಕೈ ನೋಡಬೇಕು.

ತಡವಾದದ್ದಕ್ಕೆ ಕಾರಣ ಹೇಳುತ್ತೇನೆ. ಕೊಯಮತ್ತೂರಿನ ಒಂದು ಸಂಶೋಧನಾ ಸಂಸ್ಥೆಯವರು ಇವರ ಕಾಗದಪತ್ರಗಳನ್ನೆಲ್ಲ ಕೇಳಿದರು. ಉಡುಮಲೈಪೇಟೆಯ ಹತ್ತಿ ಹೊಲದಿಂದ ಬಂದು, ಬನಿಯನ್ ಕಂಪನಿ ಕಟ್ಟಿ, ಕೊನೆಗೆ ಚೆನ್ನೈಯಲ್ಲಿ ಸರ್ಕಾರಕ್ಕೇ ಆರ್ಥಿಕ ಸಲಹೆಗಾರರಾದವರು, ಇಂಥವರ ಕಾಗದ ಮುಂದಿನವರಿಗೆ ಉಪಯೋಗ ಅಂತ. ನಮ್ಮ ನಿಶಾಂತನಿಗೆ ಮಹಾ ಸಂಭ್ರಮ. ಅಪ್ಪನ ಹೆಬ್ಬೆಟ್ಟು ಒತ್ತಿಸಿ, ತಾನೂ ಸಹಿ ಹಾಕಿ ಕೊಟ್ಟೇಬಿಟ್ಟ. ನನ್ನನ್ನು ಕೇಳಿದವರು ಯಾರು?

ಅಟ್ಟದ ತುಂಬ ಕಾಗದ ರಾಜಿ. ಈ ಮನುಷ್ಯ ಹಾಲಿನ ಚೀಟಿಯನ್ನೂ ಎಸೆದವರಲ್ಲ. ಅಧಿಕಾರ ಬಂದಾಗ ಹಸಿರು ಶಾಯಿಯ ಪೆನ್ನು ಬಂತು ನೋಡು, ಆಮೇಲೆ ಎಲ್ಲದಕ್ಕೂ ಹಸಿರು ಷರಾ. ಊರಿಗೆ ಬಂದರೆ ಗೋಡೆಯ ಕ್ಯಾಲೆಂಡರಿನ ಮೇಲೂ ‘ನೋಡಿದೆ’ ಅಂತ ಬರೆದು ಚಿಕ್ಕ ಸಹಿ ಹಾಕುತ್ತಿದ್ದರು. ‘ನನ್ನ ಹಣೆ ಮೇಲೊಂದು ಬರೆದುಬಿಡಿ’ ಅಂತ ನಾನು ರೇಗಿಸುತ್ತಿದ್ದೆ. ಆಗ ನಗುತ್ತಿದ್ದರು.

ಕಾಗದ ವಿಂಗಡಿಸಲು ಅಪೂರ್ವ ಅಂತ ತುಮಕೂರಿನ ಹುಡುಗಿಯನ್ನು ಕಳಿಸಿದರು. ಬಾಯಿ ತುಂಬ ‘ಅಮ್ಮಾ’ ಅನ್ನುತ್ತಾಳೆ, ಕನ್ನಡ ಓದುತ್ತಾಳೆ. ಮೊದಲ ದಿನವೇ ಅವಳನ್ನು ಅಡುಗೆಮನೆಗೆ ಕರೆದು ಕಾಫಿ ಕೊಟ್ಟು, ‘ನಂದೊಂದು ಕಾಗದ ಹುಡುಕಿಕೊಡ್ತೀಯಾ ಮಗಳೇ?’ ಅಂದೆ.

ಯಾವ ಕಾಗದ ಅಂತ ನಿನಗೆ ಗೊತ್ತು. ಗೋಕಿಲಾಳ ವಿಷಯ ಬರೆದಿದ್ದು. ನಮ್ಮ ಕಂಪನಿಯ ಕಟಿಂಗ್ ಮಾಸ್ಟರ್ ಶಣ್ಮುಗಂನನ್ನು ಮದುವೆಯಾಗುತ್ತೇನೆ ಅಂತ ಅವಳು ನನ್ನ ಮಡಿಲಲ್ಲಿ ತಲೆಯಿಟ್ಟು ಅತ್ತಳಲ್ಲ, ಆಗ. ಚೆನ್ನೈಗೆ ಫೋನ್ ಮಾಡಿದರೆ ‘ಐಯಾ ಮೀಟಿಂಗ್‌ನಲ್ಲಿದ್ದಾರೆ’ ಅನ್ನುತ್ತಿದ್ದರು. ಸಿಕ್ಕರೆ ಇವರು, ‘ಮುಖ್ಯ ವಿಷಯವಾದ್ರೆ ಬರೆದು ಕಳಿಸು’ ಅನ್ನುತ್ತಿದ್ದರು. ತಮಿಳನ್ನು ಕೂಡಿಸಿಕೊಂಡು ಓದುತ್ತೇನೆ, ನನಗೆ ಬರೆಯಲು ಬರುವುದು ಕನ್ನಡ ಒಂದೇ. ಇವರ ಆಫೀಸಿನಲ್ಲಿ ಹೊಸೂರು ಕಡೆಯ ಇಸ್ಮಾಯಿಲ್ ಅಂತ ಒಬ್ಬರಿದ್ದರು, ಅವರೇ ನನ್ನ ಕಾಗದಗಳನ್ನು ಇವರಿಗೆ ಓದಿ ಹೇಳುತ್ತಿದ್ದರು. ಆರು ಪುಟ ಬರೆದೆ. ‘ಹುಡುಗ ಒಳ್ಳೆಯವನು. ಜಾತಿ ನೋಡಬೇಡಿ, ಸಂಬಳ ನೋಡಬೇಡಿ, ಮಗಳ ಮುಖ ನೋಡಿ. ನೀವು ಒಂದು ಮಾತು ಹ್ಞೂಂ ಅಂದರೆ ಮಿಕ್ಕವರನ್ನೆಲ್ಲ ನಾನು ನೋಡಿಕೊಳ್ಳುತ್ತೇನೆ’ ಅಂತ. ದಿನಾ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಗೋಕಿಲಾ ಗೇಟಿನ ಹತ್ತಿರ ನಿಂತಿರುತ್ತಿದ್ದಳು. ಉತ್ತರ ಬರಲಿಲ್ಲ. ಇವರ ಅಣ್ಣ ಮಾರಪ್ಪನ್ ಅಷ್ಟರಲ್ಲಿ ಉಡುಮಲೈಯ ತೆಂಗಿನ ಮಂಡಿಯವರ ಮಗನನ್ನು ಗೊತ್ತುಮಾಡಿದರು. ‘ಅಪ್ಪಾ ಬೇಡ ಅಂತ ಕೂಡ ಹೇಳಲಿಲ್ಲವಾ ಅಮ್ಮಾ?’ ಅಂತ ಕೇಳಿ, ಸುಮ್ಮನೆ ಹೋಗಿ ಹಸೆಮಣೆಯ ಮೇಲೆ ಕುಳಿತಳು. ಇವರು ಮುಹೂರ್ತಕ್ಕೆ ಬಂದು ಅಕ್ಷತೆ ಹಾಕಿ ಅವತ್ತೇ ರೈಲು ಹತ್ತಿದರು.

ಆ ಸಂಸಾರ ಏನಾಯಿತು ಅಂತ ಮತ್ತೆ ಬರೆಯಲಾರೆ. ಮೈಮೇಲಿನ ಗಾಯ ಒಣಗಿದ ಮೇಲೆ ಕೊಯಮತ್ತೂರಿನ ಸಿಂಗಾನಲ್ಲೂರಿನಲ್ಲಿ ಬಾಡಿಗೆ ಮನೆ ಹಿಡಿದಳು. ಒಂದು ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾಳೆ. ಇಲ್ಲಿಂದ ಬಸ್ಸಿನಲ್ಲಿ ಎಷ್ಟು ಮಹಾ ದೂರ? ಅಪ್ಪನಿಗೆ ಹೀಗಾಯಿತು ಅಂದಾಗಲೂ ಬರಲಿಲ್ಲ. ‘ಅವರು ನನ್ನ ವಿಷಯದಲ್ಲಿ ಮಾತಾಡಿದ್ದೇ ಇಲ್ಲವಲ್ಲ ಅಮ್ಮಾ, ಈಗ ಮಾತು ನಿಂತರೆ ಎನಗೆ ಏನು ವ್ಯತ್ಯಾಸ?’ ಅಂದಳು. ನಾನು ಫೋನ್ ಇಟ್ಟುಬಿಟ್ಟೆ.

ಆದರೆ ನನ್ನ ಮನಸ್ಸಿನಲ್ಲಿ ಒಂದು ಆಸೆ ಉಳಿದಿತ್ತು. ನಾನು ಬರೆದಾಗ ರಂಜಾನ್ ತಿಂಗಳು. ಇಸ್ಮಾಯಿಲ್ ರಜೆ ಹಾಕಿ ಊರಿಗೆ ಹೋಗಿದ್ದರೆ ಆ ಕಾಗದವನ್ನು ಓದಿ ಹೇಳುವವರು ಯಾರು? ಹಾಗೇ ಎಲ್ಲೋ ಬಿದ್ದಿರಬೇಕು, ಇವರ ಕಿವಿಗೆ ಬಿದ್ದೇ ಇರಲಾರದು ಅಂತ. ಇವರನ್ನು ನೇರವಾಗಿ ಕೇಳಲಿಲ್ಲವೇ ಅನ್ನುತ್ತೀಯ. ಇಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ ಅಂತ ಭಯ. ಇವರಿಗೆ ಗೊತ್ತೇ ಇರಲಿಲ್ಲ ಅಂತ ತಿಳಿದರೆ ಗೋಕಿಲಾ ಬಂದಾಳು, ನನಗೆ ಅಷ್ಟೇ ಬೇಕಿತ್ತು.

ಅಪೂರ್ವ ಎರಡು ತಿಂಗಳು ಹುಡುಕಿದಳು. ನಾನೂ ಜೊತೆಗೆ ಧೂಳಿನಲ್ಲಿ ಕುಳಿತು ಸೀನಿದೆ. ಆ ಕಾಗದ ಸಿಗಲಿಲ್ಲ. ಅವತ್ತೇ ಗೋಕಿಲಾಗೆ ಫೋನ್ ಮಾಡಿದೆ.

‘ಅಪ್ಪನಿಗೆ ನಿನ್ನ ವಿಷಯ ಗೊತ್ತೇ ಇರಲಿಲ್ಲ ಕಣಮ್ಮಾ. ನನ್ನ ಕಾಗದ ತಲುಪೇ ಇಲ್ಲ. ತಲುಪಿದ್ರೆ ಇಟ್ಟುಕೊಳ್ಳದೆ ಇರ್ತಿದ್ರಾ?’

‘ನಿಜಮಾ ಅಮ್ಮಾ? ಅಪ್ಪನಿಗೆ ತೆರಿಯಾದಾ?’ ಅಂದಳು. ನಿಜವಾ, ಗೊತ್ತಿರಲಿಲ್ಲವಾ ಅಂತ. ಅವಳಿಗೆ ಅಳು ಬಂದರೆ ತಮಿಳು ಬರುತ್ತದೆ.

ಭಾನುವಾರ ಬಂದಳು ರಾಜಿ! ಹಣೆಯ ಹತ್ತಿರ ಕೂದಲು ಬೆಳ್ಳಗಾಗಿದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೊಸಬರ ಮನೆಗೆ ಬಂದವಳ ಹಾಗೆ ನಿಂತಳು. ಆಮೇಲೆ ಅಪ್ಪನ ಮಂಚದ ಮೇಲೆ ಕುಳಿತು, ‘ಪಾವಂ ಅಪ್ಪಾ ನೀನು. ನಾನು ಸುಮ್ಮನೆ ನಿನ್ನ ಮೇಲೆ ಕೋಪ ಮಾಡಿಕೊಂಡುಬಿಟ್ಟೆ, ಮನ್ನಿಸಿಬಿಡು’ ಅಂದಳು. ಇವರ ಕಣ್ಣಲ್ಲಿ ದಳದಳ ನೀರು. ಅವಳ ಕೈಯಿಂದ ರಸದನ್ನ ಪೂರ್ತಿ ಉಂಡರು. ನಾನು ಅಡುಗೆಮನೆಯಲ್ಲಿ ನಿಂತು ಸೆರಗನ್ನು ಬಾಯಿಗೆ ತುರುಕಿಕೊಂಡೆ.

ಅವಳಿಗೆ ಈಗ ಅಪ್ಪನ ಮೇಲೆ ಎಲ್ಲಿಲ್ಲದ ಪ್ರೀತಿ. ‘ಅಪ್ಪಾ ಆ ವರ್ಷಗಳಲ್ಲಿ ಏನು ಮಾಡ್ತಿದ್ದರು ಅಂತಲೇ ಎನಗೆ ಗೊತ್ತಿಲ್ಲ’ ಅಂದಳು. ಅಪೂರ್ವ ಎಲ್ಲ ಕಾಗದಗಳ ಫೋಟೋ ತೆಗೆದು ಪೆನ್‌ಡ್ರೈವ್‌ನಲ್ಲಿ ಹಾಕಿಟ್ಟಿದ್ದಳು. ಅದನ್ನು ಕೇಳಿ ಕೈಚೀಲದಲ್ಲಿ ಹಾಕಿಕೊಂಡು ಹೋದಳು. ಸೋಮವಾರ ವ್ಯಾನ್ ಬಂದು ಕಾಗದವನ್ನೆಲ್ಲ ಒಯ್ದಿತು. ಅಟ್ಟ ಖಾಲಿ. ಮೇಲೆ ಹೋದರೆ ನನ್ನ ಹೆಜ್ಜೆ ನನಗೇ ಕೇಳಿಸುತ್ತದೆ.

ಮಕ್ಕಳಿಗೆ, ಮೊಮ್ಮಗಳು ಭೂಮಿಗೆ ನನ್ನ ಆಶೀರ್ವಾದ ಹೇಳು. ಅವಳಿಗೆ ಚೆನ್ನಾಗಿ ಕನ್ನಡ ಬರೆಯಲು ಕಲಿಸು, ನನಗೊಂದು ಕಾಗದ ಬರೆಸು. ನಿನ್ನ ಮನೆ ತಣ್ಣಗಿರಲಿ, ನಿನ್ನ ಮುತ್ತೈದೆತನ ಗಟ್ಟಿಯಾಗಿರಲಿ.

ಇಂತಿ ನಿನ್ನ ಅಕ್ಕ,
ಬೆಳ್ಳಿಯಮ್ಮ

ಮರೆತ ಮಾತು: ಮರೆತದ್ದಲ್ಲ ರಾಜಿ. ಕಾಗದ ಮಡಿಸಿ ಅಂಟು ಹಚ್ಚಲು ಹೋದೆ, ಕೈ ಬರಲಿಲ್ಲ. ನಿನಗೂ ಸುಳ್ಳು ಬರೆದೆನಲ್ಲ.

ಆ ಕಾಗದ ಸಿಕ್ಕಿತು. ‘ಮನೆ’ ಅಂತ ಬರೆದ ಪೆಟ್ಟಿಗೆಯಲ್ಲಿತ್ತು. ಮೊದಲ ಪುಟದ ನೆತ್ತಿಯ ಮೇಲೆ, ಹಸಿರು ಶಾಯಿಯಲ್ಲಿ, ಇವರದೇ ತಮಿಳು ಕೈಬರಹ. ‘ಗೋಕಿಲಾ ಮದುವೆ ವಿಷಯ. ಓದಿಸಿ ಕೇಳಿದೆ. ಉತ್ತರ ಬೇಕಿಲ್ಲ.’ ಕೆಳಗೆ ಚಿಕ್ಕ ಸಹಿ. ಅಪೂರ್ವ ನನ್ನ ಮುಖ ನೋಡಿ, ‘ಇದನ್ನ ನೀವೇ ಇಟ್ಕೊಳ್ಳಿ ಅಮ್ಮಾ, ನಾನು ಪಟ್ಟಿಗೆ ಸೇರಿಸಲ್ಲ’ ಅಂದಳು.

ತೆಗೆದುಕೊಂಡು ಹೋಗಿ ಇವರ ಕಣ್ಣ ಮುಂದೆ ಹಿಡಿದೆ. ‘ಇದು ನೀವೇ ಬರೆದದ್ದಾ?’ ಅಂದೆ. ಕಣ್ಣು ಮುಚ್ಚಲಿ ದೇವರೇ ಅಂತ ಕಾದೆ. ಎಡಗೈ ಎತ್ತಿದರು.

ಒಲೆಗೆ ಹಾಕಿದೆ. ಆಮೇಲೆಯೇ ಗೋಕಿಲಾಗೆ ಫೋನ್ ಮಾಡಿದ್ದು. ನಿನ್ನೆ ಅಪೂರ್ವ ಅಳುತ್ತಾ ಫೋನ್ ಮಾಡಿದಳು. ಆ ಪೆಟ್ಟಿಗೆಯ ಫೋಟೋಗಳನ್ನು ಮೊದಲೇ ತೆಗೆದಾಗಿತ್ತಂತೆ. ಇದೊಂದನ್ನು ಅಳಿಸುವುದು ಮರೆತೇಹೋಯಿತಂತೆ. ಪೆನ್‌ಡ್ರೈವ್‌ನಲ್ಲಿ ಹಾಗೇ ಇದೆ.

ಗೋಕಿಲಾ ದಿನಾ ಕೆಲಸದಿಂದ ಬಂದು ಒಂದೊಂದು ಪೆಟ್ಟಿಗೆಯದು ನೋಡುತ್ತಾಳೆ, ನೋಡಿ ನನಗೆ ಫೋನ್ ಮಾಡುತ್ತಾಳೆ. ಎಷ್ಟು ಖುಷಿ ಅವಳ ದನಿಯಲ್ಲಿ! ‘ಅಪ್ಪಾ ಎಷ್ಟು ಕೆಲಸ ಮಾಡಿದ್ದಾರೆ ಅಮ್ಮಾ’ ಅನ್ನುತ್ತಾಳೆ. ಈಗ ತಾನೇ ಮಾಡಿದ್ದಳು. ‘ನಾಳೆ ಮನೆ ಪೆಟ್ಟಿಗೆ ನೋಡ್ತೀನಿ ಅಮ್ಮಾ. ನಿನ್ನ ಕೈಬರಹ ಇರುತ್ತಲ್ಲ, ಎನಗೆ ಓದಕ್ಕೆ ಬರಲ್ಲ, ಪರವಾಯಿಲ್ಲ, ಸುಮ್ಮನೆ ನೋಡ್ತೀನಿ’ ಅಂದಳು. ನಾನು ಆಗಲಿ ಅಂದೆ.

ಆರು ಪುಟ ಅವಳಿಗಾಗಿ ಬೇಡಿಕೊಂಡಿದ್ದೇನೆ ಕಣೇ. ಅದರಲ್ಲಿ ಒಂದಕ್ಷರವೂ ಅವಳಿಗೆ ಓದಲು ಬರುವುದಿಲ್ಲ. ಮೇಲಿನ ಹಸಿರು ಸಾಲು ಮಾತ್ರ ತಮಿಳು.