ತೋಳಿನ ಮೇಲಿನ ಗುರುತು

ಸೋಮವಾರ, ಬೆಳಿಗ್ಗೆ ಹತ್ತೂವರೆ

ಅಕ್ಕಾ,

ನೀನು ಚೆನ್ನಾಗಿದ್ದೀಯ ಅಂತ ಗೊತ್ತು, ಅದಕ್ಕೇ ಕೇಳುವುದಿಲ್ಲ. ಬೇರೆಯವರ ಮನೆಗೆ ಬೆಂಕಿ ಇಟ್ಟವರು ಯಾವಾಗಲೂ ಚೆನ್ನಾಗಿಯೇ ಇರುತ್ತಾರೆ. ಫೋನ್ ಮಾಡಿದರೆ ಕಿರುಚಾಡಿಬಿಡುತ್ತೇನೆ, ಮಗು ಹೆದರುತ್ತಾಳೆ. ಹೊಲಿಗೆ ಮೆಷಿನ್ ಮೇಲಿದ್ದ ಬಟ್ಟೆ ಪಕ್ಕಕ್ಕೆ ಸರಿಸಿ ಬರೆಯಲು ಕೂತಿದ್ದೇನೆ. ನಾಳೆ ಇವರ ಡ್ಯೂಟಿಯ ಬಸ್ಸು ನಿನ್ನ ಕಡೆ ಬರುತ್ತದೆ, ಅವರ ಕೈಯಲ್ಲೇ ಕಳಿಸುತ್ತೇನೆ.

ಮಕ್ಕಳ ಕಚೇರಿಯ ಮೇಡಂ ಶನಿವಾರ ಬಂದಿದ್ದರು. ದತ್ತು ಸಮಿತಿ ಈ ಗುರುವಾರ ಸೇರುತ್ತದಂತೆ. ಹನ್ನೊಂದು ತಿಂಗಳಿಂದ ನಾವು ಸಾಕುತ್ತಿರುವ ಹುಡುಗಿಯನ್ನು ಅವತ್ತು ನಮ್ಮ ಮಗಳು ಅಂತ ಬರೆದುಕೊಡಬೇಕಿತ್ತು. ಈಗ ಅನುಮಾನವಂತೆ. ಬಂಧುಗಳ ಹೇಳಿಕೆ ಬೇಕು ಅಂತ ನಿನ್ನನ್ನು ಕೇಳಿದರೆ ನೀನು, ಮಗುವಿನ ತೋಳಿನ ಮೇಲೆ ಗುರುತು ನೋಡಿದೆ, ಅದು ಬಿದ್ದು ಆದದ್ದಲ್ಲ, ನನ್ನ ತಂಗಿಗೆ ಮೂಗಿನ ತುದಿಯಲ್ಲೇ ಕೋಪ ಅಂದೆಯಂತೆ. ಮೇಡಂ ಓದಿ ಹೇಳಿದರು. ಕೆಳಗೆ ನಿನ್ನ ಸಹಿ, ಅದೇ ಬಾಲ ಎಳೆದ ಸಹಿ. ಸಮಿತಿಯವರು ಬೇಡ ಅಂದರೆ ಶುಕ್ರವಾರ ಅವಳು ವಾಪಸ್ ಅನಾಥಾಲಯಕ್ಕೆ.

ಹೌದು ಕಣಕ್ಕ, ನನಗೆ ಕೋಪ ಇದೆ. ಯಾಕಿರಬಾರದು? ನಮಗಿಂತ ಮುಂಚೆ ಒಂದು ಜೋಡಿ ಇವಳನ್ನು ಕರೆದುಕೊಂಡು ಹೋಗಿ, ನಾಲ್ಕು ತಿಂಗಳಿಗೆ, ಕಚ್ಚುವ ಚಪ್ಪಲಿಯನ್ನು ಅಂಗಡಿಗೆ ವಾಪಸ್ ಕೊಟ್ಟ ಹಾಗೆ ಕೊಟ್ಟು ಹೋದರು. ಅವರ ಮೇಲೆ ಯಾರೂ ಹೇಳಿಕೆ ಕೊಡಲಿಲ್ಲ. ಎದುರು ಮನೆಯವಳು ನನ್ನನ್ನು ದೇವರಂಥವಳು ಅಂತಾಳೆ, ಮಗನ ಹುಟ್ಟುಹಬ್ಬಕ್ಕೆ ಮಾತ್ರ ಇವಳೊಬ್ಬಳನ್ನು ಬಿಟ್ಟು ಬೀದಿಯ ಮಕ್ಕಳನ್ನೆಲ್ಲ ಕರೀತಾಳೆ. ನಮ್ಮತ್ತೆಯಂತೂ, ಮಾತು ಬಾರದ್ದನ್ನೇ ಹುಡುಕಿ ತಂದೆಯಲ್ಲ, ಇದ್ದದ್ದರಲ್ಲಿ ಒಳ್ಳೆಯದು ಆರಿಸೋಕೆ ಆಗಲಿಲ್ಲವಾ ಅಂದರು. ಅದೇನು ತರಕಾರಿನಾ?

ಎರಡು ತಿಂಗಳಿಗೊಮ್ಮೆ ಬಂದು ಹೋಗುವ ನಿನಗೇನು ಗೊತ್ತು? ಎಂಟು ವರ್ಷದವಳು ಊಟಕ್ಕೆ ಕೂರುವ ಮುಂಚೆ ಮನೆಯ ಬಾಗಿಲು, ಕಿಟಕಿ, ನಲ್ಲಿ ಎಲ್ಲ ಮುಟ್ಟಿ ನೋಡಬೇಕು. ಒಂದು ಬಿಟ್ಟುಹೋದರೂ ಮತ್ತೆ ಮೊದಲಿಂದ. ಇವರು ಇನ್ಸ್‌ಪೆಕ್ಟರಮ್ಮ ಅಂತ ಹೆಸರಿಟ್ಟಿದ್ದಾರೆ, ಡ್ಯೂಟಿ ಮುಗಿಸಿ ಬಂದರೆ ಸೆಲ್ಯೂಟ್ ಹೊಡೆದೇ ಒಳಗೆ ಕಾಲಿಡೋದು. ಹೊಲಿಗೆಯ ಅಂಚು ಮೈಗೆ ತಾಗಿದರೆ ಬಟ್ಟೆ ಹರಿದು ಹಾಕುತ್ತಾಳೆ, ಅದಕ್ಕೇ ಅವಳ ಫ್ರಾಕುಗಳನ್ನೆಲ್ಲ ಹೊಲಿಗೆ ಹೊರಗೆ ಬರುವ ಹಾಗೆ ಹೊಲಿದಿದ್ದೇನೆ. ಟೈಲರ್ ಮಗಳಿಗೇ ತಿರುಗಾಮುರುಗಾ ಬಟ್ಟೆ ಅಂತ ಗಿರಾಕಿಗಳು ನಗುತ್ತಾರೆ. ನಗಲಿ. ಫಿಟ್ಸ್ ಬಂದರೆ ಒಂದು ಕೈಯಲ್ಲಿ ಅವಳನ್ನು ಹಿಡಿದು, ಗಡಿಯಾರ ನೋಡಿ, ಎಷ್ಟು ನಿಮಿಷ ಅಂತ ಕಚೇರಿಯವರು ಕೊಟ್ಟ ದಿನಚರಿ ಪುಸ್ತಕದಲ್ಲಿ ಬರೀಬೇಕು. ಏನು ತಿಂದಳು, ಎಷ್ಟು ಮಲಗಿದಳು, ಮೈಮೇಲೆ ಗೀರಿದ್ದರೆ ಅದು ಹೇಗಾಯಿತು, ಎಲ್ಲ. ಹೊಟ್ಟೆಯಲ್ಲಿ ಹೊತ್ತು ಹೆತ್ತವರು ಯಾರಿಗಾದರೂ ಹೀಗೆ ದಿನಾ ವರದಿ ಒಪ್ಪಿಸುತ್ತಾರಾ?

ಆ ಗುರುತಾದ ದಿನದ ಪುಟದಲ್ಲಿ ಮೆಟ್ಟಿಲಿಂದ ಬಿದ್ದಳು ಅಂತ ಬರೆದೆ. ಸರಿ, ನಿನ್ನ ಹತ್ತಿರ ಮುಚ್ಚುಮರೆ ಯಾಕೆ, ಅವಳು ಬೀಳಲಿಲ್ಲ. ಕೈ ಬಿಡಿಸಿಕೊಂಡು ರಸ್ತೆಗೆ ಓಡಿದಳು, ಎದುರಿಗೆ ಲಾರಿ. ತೋಳು ಹಿಡಿದು ಎಳೆದೆ. ಗಟ್ಟಿಯಾಗಿಯೇ ಎಳೆದೆ, ನನ್ನ ಬೆರಳು ಮೂಡಿದವು. ಎಳೆಯದೆ ನಿಂತು ನೋಡಬೇಕಿತ್ತಾ? ಇದನ್ನು ಬರೆದರೆ ನೂರೆಂಟು ಪ್ರಶ್ನೆ ಕೇಳುತ್ತಾರೆ ಅಂತ ಬಿದ್ದಳು ಅಂದೆ, ಅಷ್ಟೇ. ಇಪ್ಪತ್ತು ವರ್ಷದಿಂದ ನರ್ಸ್ ಆಗಿರುವವಳು ನೀನು. ಅವಳ ಬಟ್ಟೆ ಬದಲಿಸುವಾಗ ಗುರುತು ಕಂಡ ತಕ್ಷಣ ನನ್ನನ್ನು ಕರೆದು, ಏನೇ ಇದು ಅಂತ ಕೇಳೋಕೆ ಬಾಯಿರಲಿಲ್ಲವಾ? ನಮ್ಮ ಮನೆಯಲ್ಲಿ ಸುಮ್ಮನೆ ಟೀ ಕುಡಿದು ಹೋಗಿ, ಕಚೇರಿಯಲ್ಲಿ ಬಾಯಿ ಬಿಟ್ಟೆ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು ಮಾಡುವ ಕೆಲಸವಾ ಇದು?

ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ, ಟೈಪ್ ಮಾಡಿಸಿದ್ದು. ಸರಿಯಾಗಿ ನೋಡದೆ ಹೇಳಿದೆ, ಅದು ಬಿದ್ದ ಗಾಯವೇ ಅಂತ ಇದೆ. ಸಹಿ ಹಾಕಿ ಬುಧವಾರದೊಳಗೆ ಕಚೇರಿಗೆ ಮುಟ್ಟಿಸು. ಇಲ್ಲದಿದ್ದರೆ ನನಗೆ ಅಕ್ಕ ಇಲ್ಲ, ನಿನಗೆ ತಂಗಿ ಇಲ್ಲ. ಕೋಪದಲ್ಲಿ ಹೇಳುತ್ತಿದ್ದಾಳೆ ಅಂದುಕೊಳ್ಳುತ್ತೀಯ. ಕೋಪದಲ್ಲೇ ಹೇಳುತ್ತಿದ್ದೇನೆ, ಏನೀಗ?

ಇಂತಿ,
ನೀನು ಕಚೇರಿಯಲ್ಲಿ ಹೊಗಳಿದ ನಿನ್ನ ತಂಗಿ

ತಾ.ಕ.: ಈಗ ಸಂಜೆ ಐದು ಗಂಟೆ. ಆ ಹಾಳೆ ಹುಡುಕಬೇಡ, ಹರಿದು ಹಾಕಿದೆ. ಮೇಲೆ ಬರೆದದ್ದನ್ನು ಮಾತ್ರ ಹರಿಯಲಿಲ್ಲ, ನಿನ್ನ ತಂಗಿ ಎಂಥವಳು ಅಂತ ನಿನಗೆ ಗೊತ್ತಿರಲಿ.

ಲಕೋಟೆ ಅಂಟಿಸಲು, ಕಪಾಟಿನ ಮೇಲಿದ್ದ ಗೋಂದಿನ ಬಾಟಲಿಗೆ ಕೈ ಎತ್ತಿದೆ. ಮೆಷಿನ್ ಪಕ್ಕ ನೆಲದ ಮೇಲೆ ಕೂತಿದ್ದ ಮಗು ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡಳು. ನಾನು ಕೈ ಇಳಿಸಿದೆ. ಅವಳು ಇಳಿಸಲಿಲ್ಲ. ನಾನು ಆಚೆ ಕೋಣೆಗೆ ಹೋದ ಮೇಲೆ ಇಳಿಸಿದಳು.

ಅಕ್ಕ, ಲಾರಿ ಬಂದದ್ದು ನಿಜ, ಆದರೆ ಅದು ಬೇರೆ ವಾರ. ನೀನು ನೋಡಿದ್ದು ಬೆರಳಿನ ಗುರುತಲ್ಲ, ಉದ್ದನೆಯ ಬಾಸುಂಡೆ. ಅವತ್ತು ಅವಳು ಗಿರಾಕಿಯ ಕೋಟಿನ ತೋಳು ಕತ್ತರಿಸಿಟ್ಟು ನಕ್ಕಳು. ನನ್ನ ಕೈಯಲ್ಲಿ ಅಳತೆಯ ಮರದ ಸ್ಕೇಲಿತ್ತು. ಒಂದೇಟಲ್ಲ, ಎರಡು.

ಇವರಿಗೆ ಫೋನ್ ಮಾಡಿ ಹೇಳಿದೆ. ಹೋಗಿ ಹೇಳಿ ಬಾ ಅಂದರು. ಅವಳನ್ನೂ ಕರೆದುಕೊಂಡು ಕಚೇರಿಗೆ ಹೋದೆ. ದಿನಚರಿಯ ಅದೇ ಪುಟದ ಕೆಳಗೆ, ಸ್ಕೇಲಿನಿಂದ ನಾನೇ ಹೊಡೆದೆ ಅಂತ ಬರೆದು ಸಹಿ ಹಾಕಿದೆ. ಮೇಡಂ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಗುರುವಾರ ಹನ್ನೊಂದಕ್ಕೆ ಬನ್ನಿ ಅಂದರು. ಅವಳನ್ನು ನಮಗೆ ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ. ಕೊಡದಿದ್ದರೆ ನಾನು ಏನಾಗುತ್ತೇನೋ, ಅದೂ ಗೊತ್ತಿಲ್ಲ.

ನಿನ್ನ ಮೇಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಅವತ್ತೇ ನನ್ನನ್ನು ಕೇಳಬೇಕಿತ್ತು ನೀನು. ಗುರುವಾರ ರಜೆ ಹಾಕಿ ಬಾ. ಕಂಡದ್ದನ್ನು ಕಂಡ ಹಾಗೇ ಹೇಳು, ಒಂದು ಮಾತೂ ಕಡಿಮೆ ಮಾಡಬೇಡ. ಆದರೆ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಹೇಳು.