ಬೆಟ್ಟ ಎತ್ತುವ ದೈತ್ಯ ಯಾರ ಕೈಗೆ?

ಭಾನುವಾರ, ಜೂನ್ 7

ಡೈಸ್ ಮತ್ತೆ ಸೋಫಾ ಕೆಳಗೆ. ಹುಡುಕಿ ಸೊಂಟ ಬಿದ್ದುಹೋಯಿತು. ನಾನು ಕಥೆ ಹೇಳಬೇಕು, ಉಳಿದವರು ಒಂದೊಂದು ಪಾತ್ರವಾಗಿ ಡೈಸ್ ಉರುಳಿಸಿ ಆಡಬೇಕು, ಇದೇ ನಮ್ಮ ಭಾನುವಾರದ ಆಟ; ಇವತ್ತು ಪೂರ್ತಿ ಫ್ಲಾಪ್. ವಾರವೆಲ್ಲ ಕೂತು ಕಥೆ ಕಟ್ಟಿದವಳು ನಾನು — ಸುರಂಗ, ಮೂರು ತಲೆಯ ಹಾವು, ಏನೆಲ್ಲ! ನನ್ನ ಗಂಡ (ನನ್ನ ಗಂಡ! ಬರೆಯುವಾಗಲೂ ನಗು) ತನ್ನ ಮಂತ್ರವಾದಿಯಿಂದ ಒಂದೇ ಏಟಿಗೆ ಹಾವನ್ನು ಸುಟ್ಟುಬಿಟ್ಟ. ನಾದಿನಿಯ ಪುಟ್ಟ ಕಳ್ಳಿ ಚಾಕು ತೆಗೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾದಿನಿ ಈಗೀಗ ನನ್ನ ಜೊತೆ ಮಾತಾಡತೊಡಗಿದ್ದಾಳೆ, ಅದೂ ಈ ಆಟದ ನೆಪದಲ್ಲಿ. ಚಪ್ಪಲಿ ಮೆಟ್ಟುತ್ತ ಹೇಳಿದಳು: "ಮುಂದಿನ ವಾರ ನೀವಿಬ್ರೇ ಆಡ್ಕೊಳ್ಳಿ, ಅತ್ತಿಗೆ."

ಸೋಮವಾರ, ಜೂನ್ 8

ಮುಂದಿನ ಕಥೆಗೆ ಬೆಟ್ಟ ಎತ್ತುವ ದೈತ್ಯ ಬೇಕೇ ಬೇಕು. ಅಷ್ಟೊಂದು ಪವರ್ ಇರುವ ಪಾತ್ರ ಯಾರ ಕೈಗೆ? ನಾದಿನಿ ತನ್ನ ಕಳ್ಳಿಯನ್ನು ಬಿಡಳು. ಅವಳ ಗೆಳತಿ ನರ್ಸ್, ಡ್ಯೂಟಿ ಮುಗಿಸಿ ಬಂದು ಅರ್ಧ ಆಟ ತೂಕಡಿಸುತ್ತಾಳೆ. ಉಳಿದವನು ಇವನೊಬ್ಬ. ಕೊಟ್ಟರೆ ನಾದಿನಿ ಕೈತಪ್ಪುತ್ತಾಳೆ. ಕೊಡದಿದ್ದರೆ ಇವನ ಮುಖ ಊದುತ್ತದೆ... ನಮ್ಮ ಮೊದಲ ಜಗಳ. ಅಯ್ಯೋ.

ಗುರುವಾರ, ಜೂನ್ 11

ಇವನನ್ನು ಕರೆತರಲು ಕ್ಲಬ್‌ಗೆ ಹೋಗಿದ್ದೆ. ಇವನೇ, ನಮ್ಮ ಟೇಬಲ್ ಟೆನಿಸ್ ಕೋಚ್ ಸಾಹೇಬರು, ಹೊಸದಾಗಿ ಸೇರಿದ ಅಜ್ಜಿಯೊಬ್ಬರ ಜೊತೆ ಆಡುತ್ತಿದ್ದರು — ಎಡಗೈಯಲ್ಲಿ! ಗೆಲ್ಲಲು ಒಂದು ಸ್ಮ್ಯಾಷ್ ಸಾಕಿತ್ತು. ಪ್ರತಿ ಚೆಂಡನ್ನೂ ಅಜ್ಜಿಯ ಬ್ಯಾಟಿಗೆ ಎಟುಕುವ ಹಾಗೇ ಕಳಿಸುತ್ತಿದ್ದ. ಬೆವರಿದ ಅಜ್ಜಿಯ ಮುಖ ಅರಳಿತ್ತು. ಹಾಗಾದರೆ ಭಾನುವಾರ ಇವನಿಗೇನಾಗಿತ್ತು?

ದಾರಿಯಲ್ಲಿ ಕೇಳಿಯೇಬಿಟ್ಟೆ. ಇವನ ಕಿವಿ ಕೆಂಪಾಯಿತು.

"ಹಾವು ಬೇಗ ಸತ್ರೆ ಎಲ್ರೂ ಬೇಗ ಮನೆಗೆ ಹೋಗ್ತಾರೆ ಅಂದ್ಕೊಂಡೆ ಕಣೇ. ಆಮೇಲೆ ನಾವಿಬ್ರೇ."

ಫುಟ್‌ಪಾತ್ ಮೇಲೆ ನಿಂತು ನಕ್ಕೆ, ನಕ್ಕೆ... ದೈತ್ಯ ನಿನಗೇ ಎಂದುಬಿಟ್ಟೆ.

ಭಾನುವಾರ, ಜೂನ್ 14

ನಾದಿನಿ ಬಂದಳು! (ಫೋನಿನಲ್ಲಿ ಗೋಗರೆದಿದ್ದೆ.) ಕೋಟೆಯೆದುರಿನ ಸೇತುವೆ ಕುಸಿಯತೊಡಗಿತು. ದೈತ್ಯ ಒಮ್ಮೆ ಒದ್ದರೆ ಕೋಟೆಯೇ ಪುಡಿ, ಕಥೆಯೂ ಪುಡಿ. ಇವನು ಸೇತುವೆಗೆ ಹೆಗಲು ಕೊಟ್ಟು ತಂಗಿಗೆ ಹೇಳಿದ: "ನಾನು ಹಿಡ್ಕೊಂಡಿರ್ತೀನಿ. ಒಳಗೆ ನುಗ್ಗೋದು ನೀನೇ."

ಅವಳು ಡೈಸ್ ಉರುಳಿಸಿದಳು. ಇಪ್ಪತ್ತು! ಅದಕ್ಕಿಂತ ದೊಡ್ಡದು ಇಪ್ಪತ್ತು ಮುಖದ ಆ ಡೈಸಿನಲ್ಲೇ ಇಲ್ಲ. ಕಳ್ಳಿ ಕೋಟೆಯೊಳಗೆ! ನರ್ಸ್‌ಗೂ ಎಚ್ಚರವಾಯಿತು. ನಾದಿನಿ ನನ್ನ ಕೊರಳಿಗೇ ಜೋತುಬಿದ್ದಳು.

ಅಬ್ಬಾ, ಎದೆ ಹಗುರ. ಕಾಫಿ ಮಾಡುವ ನೆಪದಲ್ಲಿ ಅಡುಗೆಮನೆಯಲ್ಲಿ ಇದನ್ನು ಗೀಚುತ್ತಿದ್ದೇನೆ. ನಾದಿನಿ ಏಳುವ ಲಕ್ಷಣವೇ ಇಲ್ಲ, ಕೋಟೆಯ ಕೋಣೆಗಳನ್ನೆಲ್ಲ ನೋಡಬೇಕಂತೆ. ನನ್ನ ದೈತ್ಯ ಇನ್ನೂ ಸೇತುವೆ ಹಿಡಿದೇ ಕೂತಿದ್ದಾನೆ, ಪಾಪ. ಕರೆಯುತ್ತಿದ್ದಾರೆ. ಎಷ್ಟು ಹೊತ್ತಾದರೂ ಆಗಲಿ, ಆಮೇಲೆ ನಾವಿಬ್ರೇ—